ಉಮ್ಮನ ಬಾಯಿಗೆ ಮೊದಲು ಬಂದ ಮಾತು

ಹೋದ ರಂಝಾನಿನಲ್ಲಿ ನನ್ನ ತಾಯಿಯ, ನನ್ನ ಉಮ್ಮನ, ಮಾತು ನಿಂತುಹೋಯಿತು.

ಅಂದು ಮಧ್ಯಾಹ್ನದ ನಮಾಝ್ ಮುಗಿಸಿದ ಉಮ್ಮ ಕೋಡಿಂಬಾಳದ ಮನೆಯಲ್ಲಿ ಚಾಪೆಯ ಮೇಲೆ ಒರಗಿದರು. ಅಣ್ಣನ ಹೆಂಡತಿ ಝುಬೈದಾ ಕರೆದಾಗ ತೊದಲಿದರಂತೆ. ಉಪವಾಸಕ್ಕೆ ನಾವು ನೋಂಬು ಎನ್ನುತ್ತೇವೆ. ನೋಂಬಿನ ಸುಸ್ತು, ಮಲಗಲಿ ಎಂದುಕೊಂಡು ಅತ್ತಿಗೆ ಬಾಗಿಲು ಮುಂದೆ ಮಾಡಿ ಅಡುಗೆಗೆ ಹೋದರು. ಸಂಜೆ ಮಸೀದಿಯ ಬಾಂಗ್ ಆದ ಮೇಲೆ ಖರ್ಜೂರ ಹಿಡಿದು ಹೋದರೆ ಉಮ್ಮನ ಬಾಯಿ ಒಂದು ಬದಿಗೆ ವಾಲಿತ್ತು. ಕುಡಿಸಿದ ನೀರು ಹೊರಗೆ ಬಂತು.

ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು: "ಸ್ಟ್ರೋಕ್ ಆಗಿದೆ. ಬೇಗ ತಂದಿದ್ದರೆ ಇಂಜೆಕ್ಷನ್ ಕೊಡಬಹುದಿತ್ತು. ಬಲಗೈ ಸುಧಾರಿಸಬಹುದು. ಮಾತಿನ ಬಗ್ಗೆ ಈಗ ಏನೂ ಹೇಳಲಿಕ್ಕಾಗುದಿಲ್ಲ."

ಬೇಗ ತಂದಿದ್ದರೆ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಮ್ಮ ಕುಟುಂಬದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಉಮ್ಮ ಬೀಡಿ ಕಟ್ಟಿ ಓದಿಸಿದರು, ನಾನು ಬಸ್ಸಿನಲ್ಲಿ ನಿಂತುಕೊಂಡೇ ಪುತ್ತೂರಿಗೆ ಹೋಗಿ ಬಿ.ಎಸ್ಸಿ. ಮಾಡಿದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಈಗ ಪುತ್ತೂರಿನಲ್ಲೇ ಮನೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬಾಯಿ ವಾಲಿದರೆ, ನಾಲಿಗೆ ತೊದಲಿದರೆ ತಡಮಾಡಬಾರದು ಎಂದು ಊರಿನ ಮಕ್ಕಳಿಗೆಲ್ಲ ಹೇಳಿಕೊಟ್ಟವಳು. ನನ್ನ ಮನೆಯಲ್ಲೇ ಆ ಪಾಠ ಯಾರಿಗೂ ಗೊತ್ತಿರಲಿಲ್ಲ.

ಸಿಟ್ಟು ಬರದೆ ಇರುತ್ತದೆಯೆ? ವಾರ್ಡಿನಲ್ಲೇ ಕೂತು ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದೆ. "ಎಂತ ಹೇಳುದು ಚಿಕ್ಕಮ್ಮ, ಪ್ರೆಶರ್ ಇರುವ ಹೆಂಗಸು ತೊದಲುವಾಗ ಬಾಗಿಲು ಹಾಕಿ ಸಮೋಸ ಮಡಚಲಿಕ್ಕೆ ಹೋಗಿದ್ದಾಳೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಉಮ್ಮನನ್ನು ಕೊಟ್ಟರೆ ಇದೇ ಆಗುದು."

ಪಕ್ಕದ ಮಂಚದಲ್ಲಿ ಸೊಂಟ ಮುರಿದ ಒಬ್ಬ ಅಜ್ಜಿ ಇದ್ದರು. ಅವರ ಸೊಸೆ ಲೀಲಕ್ಕ, ಜಾಲ್ಸೂರು ಕಡೆಯ ಗೌಡರು. ನಾನು ಫೋನ್ ಇಟ್ಟದ್ದೇ ಕೇಳಿದರು:

"ಟೀಚರೇ, ನಿಮಗೆ ಇಡೀ ದಿನ ನೀರು ಸಹ ಇಲ್ಲ ಅಲ್ವಾ?"

"ಇಲ್ಲ ಅಕ್ಕ, ಒಂದು ತೊಟ್ಟೂ ಇಲ್ಲ."

"ಅತ್ತಿಗೆಯನ್ನು ಮಾತ್ರ ತಿನ್ನಬಹುದಾ? ಬೆಳಿಗ್ಗೆಯಿಂದ ತಿಂತಾ ಇದ್ದೀರಿ ಮಾರಾಯ್ತಿ!"

ನಾನು ಫೋನಿನಲ್ಲಿ ಮಾತಾಡಿದ್ದು ಬ್ಯಾರಿಯಲ್ಲಿ. "ನಿಮಗೆ ನಮ್ಮ ಭಾಷೆ ಬರ್ತದಾ?"

"ಅಂಗಡಿ ಉಂಟಲ್ಲ ನಮ್ಮದು. ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಎಲ್ಲದರಲ್ಲೂ ಚಾಡಿ ಕೇಳಿ ಅಭ್ಯಾಸ ಉಂಟು."

ಅವರು ನಕ್ಕರು, ನನಗೆ ಮೈ ಉರಿಯಿತು. ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಆದರೆ ಮದ್ರಸದಲ್ಲಿ ಕಲಿತದ್ದು ಮರೆತುಹೋಗುವುದಿಲ್ಲ. ಇದ್ದದ್ದನ್ನೇ ಬೆನ್ನ ಹಿಂದೆ ಹೇಳಿದರೆ ಗೀಬತ್, ಇಲ್ಲದ್ದನ್ನು ಹೇಳಿದರೆ ಅದು ಬೇರೆಯೇ ಪಾಪ. ಗೀಬತ್ ಎಂದರೆ ಸತ್ತ ಸೋದರನ ಮಾಂಸ ತಿಂದಂತೆ ಎಂದು ಕುರ್‌ಆನ್ ಹೇಳುತ್ತದೆ. ಲೀಲಕ್ಕ ಅದನ್ನು ಓದಿದವರಲ್ಲ, ಆದರೂ "ತಿಂತಾ ಇದ್ದೀರಿ" ಎಂದರು. ಕೇಳಿದ ಮೇಲಾದರೂ ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮುಂದಿನ ಫೋನಿಗೆ ವರಾಂಡಕ್ಕೆ ಹೋದೆ, ಅಷ್ಟೇ.

ಅದೇ ವರಾಂಡದಲ್ಲಿ ದಿನವೂ ಸಂಜೆ ನೋಂಬು ತೆರೆಯುವ ಮೊದಲು ಕೈ ಎತ್ತುತ್ತಿದ್ದೆ. "ಯಾ ಅಲ್ಲಾಹ್, ಉಮ್ಮನ ಬಾಯಿಂದ ಒಂದೇ ಒಂದು ಮಾತು ಕೇಳಿಸು." ಆ ಹೊತ್ತಿನ ದುಆ ತಿರಸ್ಕಾರವಾಗುವುದಿಲ್ಲ ಎಂದು ನಂಬಿ ಬೆಳೆದವಳು ನಾನು. ಒಳಗೆ ಬಂದರೆ ಉಮ್ಮ ತಲೆಯ ಮೇಲಿನ ಮಾಡನ್ನು ನೋಡುತ್ತಾ ಮಲಗಿರುತ್ತಿದ್ದರು. ಹಸಿದು, ಬಾಯಾರಿ, ಕೇಳಿ ಕೇಳಿ ಸಾಕಾಯಿತು. ಇಷ್ಟು ಕಷ್ಟಪಟ್ಟು ನೋಂಬು ಹಿಡಿಯುವವಳ ಪ್ರಾರ್ಥನೆ ಯಾಕೆ ಮುಟ್ಟುತ್ತಿಲ್ಲ ಎಂದು ಅಲ್ಲಾಹನ ಮೇಲೂ ಮುನಿಸು ಬಂತು. ನಾನು ಹಿಡಿದದ್ದು ಹೊಟ್ಟೆಯ ನೋಂಬು ಮಾತ್ರ ಎಂದು ಹೊಳೆಯಲಿಲ್ಲ.

ಶುಕ್ರವಾರ ಪಳ್ಳಿಯಲ್ಲಿ ಜುಮಾ ನಮಾಝ್ ಮುಗಿದ ಮೇಲೆ ಅಣ್ಣ ಮತ್ತು ಅತ್ತಿಗೆ ಕಡಬದ ಬಸ್ಸಿನಲ್ಲಿ ಬಂದರು. ಅತ್ತಿಗೆಯ ಕೈಯಲ್ಲಿ ಉಮ್ಮನಿಗೆ ಗಂಜಿಯ ಫ್ಲಾಸ್ಕ್ ಇತ್ತು. ಅಣ್ಣ ಕೂತುಕೊಳ್ಳಲೂ ಇಲ್ಲ.

"ನೀನು ಊರಿಡೀ ಎಂತ ಹೇಳಿದ್ದಿ? ಉಮ್ಮನನ್ನು ಕೋಣೆಯಲ್ಲಿ ಹಾಕಿ ಬೀಗ ಜಡಿದದ್ದು ಹೌದಾ ಅಂತ ಪಳ್ಳಿಯಲ್ಲಿ ನನ್ನ ಹತ್ರ ಕೇಳ್ತಾರೆ!"

"ಬೀಗ ಅಂತ ನಾನು ಹೇಳ್ಲಿಲ್ಲ. ಬಾಗಿಲು ಮುಂದೆ ಮಾಡಿದ್ದು ಹೌದಲ್ಲ?"

"ದೊಡ್ಡ ಕಲಿತವಳು! ಅಪರೂಪಕ್ಕೊಮ್ಮೆ ಬಂದು ಬಿರಿಯಾನಿ ತಿಂದು ಹೋಗುವವಳು. ಉಮ್ಮನ ಕಾಲು ಒತ್ತುದು ಯಾರು, ನೀನಾ?"

"ಒತ್ತಿದರೆ ಸಾಕಾ? ನಿನ್ನ ಹೆಂಡತಿಗೆ ತಲೆ..."

"ನೋಂಬು."

ಮಂಚದಿಂದ ಬಂತು. ದಪ್ಪ ನಾಲಿಗೆ, ಎಳೆದ ಸ್ವರ, ಆದರೆ ಸ್ಪಷ್ಟ.

ಆ ಮಾತು ನಮಗೆ ಹೊಸದಲ್ಲ. ರಂಝಾನಿನಲ್ಲಿ ನಮ್ಮ ಜಗಲಿಯಲ್ಲಿ ನಾಲ್ಕು ಹೆಂಗಸರು ಬೀಡಿ ಕಟ್ಟಲು ಕೂತಾಗ ಯಾರಾದರೂ "ಆ ಮನೆಯ ಹುಡುಗಿ ಉಂಟಲ್ಲ" ಎಂದು ಶುರುಮಾಡಿದರೆ, ಉಮ್ಮ ಎಲೆಯಿಂದ ಕಣ್ಣೆತ್ತದೆ ಇಷ್ಟೇ ಹೇಳುತ್ತಿದ್ದರು: "ನೋಂಬು." ನಾನೂ ಅಣ್ಣನೂ ಹೊಡೆದಾಡಿದರೂ ಅದೇ ಒಂದು ಮಾತು.

ಅತ್ತಿಗೆ ಫ್ಲಾಸ್ಕ್ ಕೆಳಗಿಟ್ಟು ಉಮ್ಮನ ಕಾಲು ಹಿಡಿದು ಅತ್ತರು. ಅಣ್ಣ ಗೋಡೆಗೆ ಮುಖ ತಿರುಗಿಸಿದ. ಲೀಲಕ್ಕ ಮೆಲ್ಲಗೆ, "ಕೇಳಿತಲ್ಲ ಟೀಚರೇ?" ಎಂದರು.

ಕೇಳಿತು. ಒಂದು ಮಾತು ಬೇಡಿದ್ದೆ, ಒಂದೇ ಮಾತು ಸಿಕ್ಕಿತು. ಅದೂ ನನ್ನ ಬಾಯಿ ಮುಚ್ಚಿಸುವ ಮಾತು.

ಇಂಥ ರೋಗದಲ್ಲಿ ಅಭ್ಯಾಸವಾದ ಪದ ಮೊದಲು ಬರುವುದುಂಟು ಎಂದು ಡಾಕ್ಟರು ವಿವರಿಸಿದರು. ವಿಜ್ಞಾನ ಓದಿದವಳು, ಒಪ್ಪುತ್ತೇನೆ. ಆದರೆ ಎಷ್ಟೋ ಪದಗಳಿರುವಾಗ ಆ ಹೊತ್ತಿಗೆ ಆ ಪದವನ್ನೇ ನಾಲಿಗೆಗೆ ತಂದುಕೊಟ್ಟವನು ಯಾರೆಂದು ನನಗೆ ಗೊತ್ತು. ಅಲ್‌ಹಮ್ದುಲಿಲ್ಲಾಹ್.

ಅತ್ತಿಗೆ ಮಾಡಿದ್ದು ಸರಿ ಎಂದು ನಾನು ಈಗಲೂ ಹೇಳುವುದಿಲ್ಲ. ಅವರ ಎದುರಲ್ಲೇ ಹೇಳಿದೆ, ಕ್ಷಮೆಯನ್ನೂ ಕೇಳಿದೆ. "ನಿಮಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನನಗೊಮ್ಮೆ ಹೇಳಿಕೊಡಬಹುದಿತ್ತಲ್ಲ?" ಎಂದರು. ಆಮೇಲೆ ನಾನು ದೂರು ಹೇಳಿದ್ದವರಿಗೆಲ್ಲ ಫೋನ್ ಮಾಡಿ ತಿದ್ದಲು ಹೊರಟೆ. ದೂರುವಾಗ ಎಲ್ಲರೂ ಮೊದಲ ರಿಂಗಿಗೇ ಎತ್ತಿದ್ದರು. ತಿದ್ದುವಾಗ ಅರ್ಧ ಜನ ಎತ್ತಲೇ ಇಲ್ಲ. ಆ ಬೀಗದ ಕಥೆ ಈಗಲೂ ಎಲ್ಲೋ ತಿರುಗುತ್ತಿದೆ.

ಪೆರ್ನಾಳ್ ಹಬ್ಬಕ್ಕೆ ಉಮ್ಮ ಮನೆಯಲ್ಲಿದ್ದರು. ಬಾಯಿಗೆ ಬರುತ್ತಿದ್ದದ್ದು ಆ ಒಂದೇ ಮಾತು: ನೀರು ಕೇಳಲೂ ನೋಂಬು, ಮೊಮ್ಮಗಳನ್ನು ಕರೆಯಲೂ ನೋಂಬು. ಹಬ್ಬದ ಊಟಕ್ಕೆ ಕೂತಾಗ ನಾನು, "ಚಿಕ್ಕಮ್ಮ ಒಮ್ಮೆಯಾದರೂ ಉಮ್ಮನನ್ನು ನೋಡಲಿಕ್ಕೆ..." ಎಂದೆ.

"ನೋಂಬು."

ಅತ್ತಿಗೆ ನಕ್ಕರು. "ಉಮ್ಮಾ, ಇವತ್ತು ಪೆರ್ನಾಳ್. ನೋಂಬು ಮುಗಿಯಿತು."

ಉಮ್ಮ ಅತ್ತಿಗೆಯನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಾ, ಇನ್ನೊಮ್ಮೆ ನಿಧಾನವಾಗಿ ಹೇಳಿದರು: "ನೋಂಬು."

ನಾನು ಬಾಯಿ ಮುಚ್ಚಿದೆ. ಇದನ್ನು ಓದಿದವರು ದುಆ ಮಾಡುವಾಗ ಉಮ್ಮನ ಜೊತೆ ನನ್ನ ಅತ್ತಿಗೆ ಝುಬೈದಾರ ಹೆಸರನ್ನೂ ಸೇರಿಸಿ.