ದುಕ್ಮ್ ಕ್ಯಾಂಪಿನ ‘ಉಂಟು–ಇಲ್ಲ’ ಭೋಜಣ್ಣ

ಬೆಳಗಿನ ನಾಲ್ಕೂವರೆ. ಸಮುದ್ರದ ಕಡೆಯ ಗಾಳಿ ಒಮಾನಿನ ದುಕ್ಮ್‌ನ ಈ ಕಾರ್ಮಿಕರ ಕ್ಯಾಂಪಿನ ತಗಡುಗಳನ್ನು ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತಿದೆ. ಕಂಪನಿ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ. ಹಳೆಯ ಕಂಟೇನರೊಂದರ ಬಾಗಿಲಲ್ಲಿ ಹದಿನೈದಿಪ್ಪತ್ತು ಮಂದಿ ಸಾಲುಗಟ್ಟಿದ್ದಾರೆ. ಒಳಗೆ ಭೋಜರಾಜ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಬೆರಳುದ್ದದ ಬ್ಯಾಟರಿ ಸೆಲ್ಲೊಂದನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಒಂದು ಕಡೆ ಕೂದಲೆಳೆಯಷ್ಟು ಹರಿದಿದೆ. “ಇಲ್ಲ,” ಎನ್ನುತ್ತಾರೆ. ಸೆಲ್ಲು ತಂದ ಬಾಂಗ್ಲಾದ ಗಾರೆ ಕೆಲಸದವನು ಗೋಗರೆಯುತ್ತಾನೆ. ಇವರು ಕೇಳಿಸಿಕೊಂಡೇ ಇಲ್ಲ ಎಂಬಂತೆ ಅದರ ಎರಡೂ ತುದಿಗೆ ಟೇಪು ಅಂಟಿಸಿ ಮರಳಿನ ಡಬ್ಬಿಗೆ ಹಾಕುತ್ತಾರೆ. ಮುಂದಿನವನ ಸೆಲ್ಲು ಮೀಟರಿನಲ್ಲಿ ಸರಿಯಾಗಿಯೇ ತೋರಿಸುತ್ತದೆ. “ಉಂಟು.” ಅಷ್ಟೇ ಮಾತು.

ಇವು ವೇಪ್‌ನ ಲಿಥಿಯಂ ಸೆಲ್ಲುಗಳು. ಬೀಡಿ, ಸಿಗರೇಟಿನ ಬದಲು ಆವಿ ಎಳೆಯುವ ಕೈಯಂತ್ರವದು. ಕ್ಯಾಂಪಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಎಂದು ನೋಟಿಸ್ ಬೋರ್ಡು ಹೇಳುತ್ತದೆ. ನೋಟಿಸ್ ಬೋರ್ಡಿನ ಮಾತು ಕೇಳಿ ಚಟ ಬಿಟ್ಟವನನ್ನು ಯಾರಾದರೂ ಕಂಡಿದ್ದೀರಾ? ರಜೆಗೆ ಹೋದವರು ತರುತ್ತಾರೆ, ಗಡಿಯೂರು ಬುರೈಮಿ ಕಡೆಯಿಂದ ಬಂದವರು ತರುತ್ತಾರೆ. ಮೊದಲು ಸಿಕ್ಕಸಿಕ್ಕ ಮೊಬೈಲ್ ಚಾರ್ಜರಿಗೆ ಚುಚ್ಚಿ, ದಿಂಬಿನಡಿಯಲ್ಲಿಟ್ಟು ಹಾಯಾಗಿ ಮಲಗುತ್ತಿದ್ದರು. ಈಗ ಬೆಳಿಗ್ಗೆ ಇಲ್ಲಿ ಚಾರ್ಜಿಗೆ ಕೊಟ್ಟು ಸಂಜೆ ಒಯ್ಯುತ್ತಾರೆ. “ನೀನು ಎಳೀತೀಯಾ ಬಿಡ್ತೀಯಾ ಅಂತ ನಿನ್ನ ಹೆಂಡತಿ ಕೇಳ್ಲಿ ಮಾರಾಯ. ನನಗೆ ಬೇಕಾದ್ದು ಸೆಲ್ಲು ಮಾತ್ರ,” ಎನ್ನುವುದು ಭೋಜರಾಜರ ನಿಲುವು. ಅವರು ಹೆಸರು ಕೇಳುವುದಿಲ್ಲ, ನಂಬರಿನ ಬಿಲ್ಲೆ ಕೊಡುತ್ತಾರೆ.

ಭೋಜರಾಜರಿಗೆ ಐವತ್ಮೂರು. ಊರು ಪಡುಬಿದ್ರಿ. ರೇಡಿಯೊ ರಿಪೇರಿಯಿಂದ ಶುರುವಾದ ಕೈ, ಒಮಾನಿಗೆ ಬಂದು ಹತ್ತೊಂಬತ್ತು ವರ್ಷವಾಗಿ ಈಗ ಕ್ಯಾಂಪಿನ ಎಲೆಕ್ಟ್ರಿಷಿಯನ್ ಆಗಿದೆ. ಎರಡು ವರ್ಷದ ಹಿಂದೆ, 2014ರಲ್ಲಿ, ಈ ಕೋಣೆ ಇರಲಿಲ್ಲ. ಸ್ಟೋರಿನ ಮೂಲೆಯಲ್ಲಿ ಒಂದು ಮೇಜು, ಅಷ್ಟೇ. ಕ್ರೇನ್ ಆಪರೇಟರ್ ರೊನಾಲ್ಡ್ ತನ್ನ ಸೆಲ್ಲು ನೋಡಲು ಕೊಟ್ಟಿದ್ದರು. ಸಿಪ್ಪೆ ಹರಿದಿತ್ತು, ಇನ್ನು ಎಸೆಯಬೇಕಾದದ್ದು. ಬೆಳಿಗ್ಗೆ ಬಸ್ಸಿನ ಹಾರ್ನು ಕೇಳುತ್ತಿರುವಾಗ ರೊನಾಲ್ಡ್ ಓಡಿಬಂದು, ಏನಾಯಿತು ಎಂದು ಕೇಳಿದರು. ಬೆನ್ನು ಹಾಕಿ ಫ್ಯೂಸ್ ಕಟ್ಟುತ್ತಿದ್ದ ಭೋಜರಾಜ ತಿರುಗದೆಯೇ “ಖಲಾಸ್” ಎಂದರು.

ಗಲ್ಫಿನಲ್ಲಿ ಸತ್ತ ಯಂತ್ರವೂ ಖಲಾಸ್, ಮುಗಿದ ಕೆಲಸವೂ ಖಲಾಸ್. ಸೆಲ್ಲಿನ ಕಥೆ ಮುಗಿಯಿತೆಂದು ಇವರು ಹೇಳಿದ್ದು, ರಿಪೇರಿ ಮುಗಿಯಿತೆಂದು ಅವರಿಗೆ ಕೇಳಿಸಿತು. ಮೇಜಿನಿಂದ ಎತ್ತಿ, ಲಾಕರ್ ಕೀ ಇದ್ದ ಪ್ಯಾಂಟಿನ ಜೇಬಿಗೇ ಹಾಕಿಕೊಂಡರು. ಹರಿದ ಜಾಗಕ್ಕೆ ಕೀ ತಾಗಿ, ಬಸ್ಸಿನಲ್ಲೇ ಸೆಲ್ಲು ಸಿಡಿಯಿತು. ಬಲತೊಡೆ ಸುಟ್ಟು ರೊನಾಲ್ಡ್ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. “ಅವರು ನನ್ನನ್ನು ಬೈಯಲೇ ಇಲ್ಲ. ಬೈದಿದ್ದರೆ ಸ್ವಲ್ಪ ಸಮಾಧಾನ ಆಗ್ತಿತ್ತು,” ಎನ್ನುವಾಗ ಭೋಜರಾಜ ಬೇರೆಲ್ಲೋ ನೋಡುತ್ತಾರೆ. ತಪ್ಪು ನನ್ನದು ಎಂದು ಭೋಜರಾಜರೇ ಆಫೀಸಿಗೆ ಹೋಗಿ ಬರೆದುಕೊಟ್ಟರು. ಬೆನ್ನಿಗೇ ಪಾಳು ಬಿದ್ದಿದ್ದ ಈ ಕಂಟೇನರನ್ನು ಕಾಡಿ ಬೇಡಿ ಪಡೆದರು. ಅಂದಿನಿಂದ ಇಲ್ಲಿ ಆ ಪದ ಹೇಳುವ ಹಾಗಿಲ್ಲ. ಇರುವುದು ಎರಡೇ ಮಾತು: ಉಂಟು, ಇಲ್ಲ. ಪಠಾಣರೂ ಬಿಹಾರಿಗಳೂ ಈಗ ಬಾಗಿಲಲ್ಲಿ ನಿಂತು “ಉಂಟು?” ಎಂದೇ ಕೇಳುತ್ತಾರೆ.

ದಿನಕ್ಕೆ ತೊಂಬತ್ತರ ಆಸುಪಾಸು ಸೆಲ್ಲುಗಳು ಬರುತ್ತವೆ. ಚಾರ್ಜಿಗಿಟ್ಟ ಮೇಲೆ ಮೂರು ಗಂಟೆ ಭೋಜರಾಜ ಕೋಣೆ ಬಿಟ್ಟು ಕದಲುವುದಿಲ್ಲ. ಉಳಿದ ಕೆಲಸವೆಲ್ಲ ಆಮೇಲೆ. ತುಂಬಿದ್ದನ್ನು ಕೂಡಲೇ ತೆಗೆಯಬೇಕು, ಬಿಸಿಯಾದದ್ದನ್ನು ಬೇರೆ ಇಡಬೇಕು, ಒಂದೇ ವೇಪ್‌ನ ಜೋಡಿ ಸೆಲ್ಲುಗಳನ್ನು ಅಗಲಿಸಬಾರದು, ತುದಿಗಳನ್ನು ಒಣ ಬಟ್ಟೆಯಲ್ಲಿ ಒರೆಸಬೇಕು. ಸಂಜೆ ಪ್ಲಾಸ್ಟಿಕ್ ಡಬ್ಬಿ ತಂದವನಿಗೆ ಮಾತ್ರ ಸೆಲ್ಲು ವಾಪಸ್. ಜೇಬಿಗೆ ಹಾಕಿಕೊಳ್ಳುತ್ತೇನೆ ಎಂದವನಿಗೆ ಸಿಗುವುದು ಶುದ್ಧ ತುಳುವಿನ ಬೈಗುಳ. ತಿಂಗಳಿಗೆ ನಲವತ್ತೈವತ್ತು ಸೆಲ್ಲುಗಳಿಗೆ ‘ಇಲ್ಲ’ ಬೀಳುತ್ತದೆ.

ಈಗ ಈ ಕೋಣೆಗೇ ಕುತ್ತು ಬಂದಿದೆ. ಎಣ್ಣೆಯ ಬೆಲೆ ಪಾತಾಳಕ್ಕಿಳಿದ ಮೇಲೆ ಮುನ್ನೂರು ಜನರಿದ್ದ ಕ್ಯಾಂಪಿನಲ್ಲಿ ಇನ್ನೂರು ಉಳಿದಿದ್ದಾರೆ. ಮೆಸ್ಸಿನಲ್ಲಿ ವಾರಕ್ಕೆ ಮೂರು ದಿನವಿದ್ದ ಕೋಳಿ ಒಂದು ದಿನಕ್ಕಿಳಿದಿದೆ. ಮಸ್ಕತ್ತಿನ ಅಲ್ ಅಜೈಬಾದ ಹೆಡ್ ಆಫೀಸಿನಲ್ಲಿ ಕುಳಿತವರ ಕಣ್ಣು ಕಂಟೇನರಿನ ಎಸಿಯ ಮೇಲೆ ಬಿತ್ತು. ಹುಕುಂ ತಂದವರು ಕ್ಯಾಂಪಿನ ಅಡ್ಮಿನ್ ವಿನಯ್, ಮೈಸೂರಿನವರು, ಕೆಟ್ಟವರೇನಲ್ಲ. “ಭೋಜರಾಜ್ ಅವ್ರೇ, ನಿಷೇಧ ಇರೋ ವಸ್ತುಗೆ ನಾವೇ ಎಸಿ ಹಾಕಿ ಕೂರಿಸಿದ್ರೆ ಹೆಂಗೆ? ಗುರುವಾರದೊಳಗೆ ಕೀ ಕೊಟ್ಬಿಡಿ. ಇಲ್ಲಾಂದ್ರೆ ನಿಮ್ಮ ವೀಸಾ ರಿನ್ಯೂವಲ್ ನನ್ನ ಕೈಲಿರಲ್ಲ,” ಎಂದರು.

“ಕೋಣೆ ಮುಚ್ಚಿದರೆ ವೇಪ್ ನಿಲ್ಲುದಿಲ್ಲ ಸರ್. ಪುನಃ ದಿಂಬಿನಡಿಗೆ ಹೋಗ್ತದೆ,” ಎಂದರು ಭೋಜರಾಜ. ಸುಮ್ಮನೆ ಕೀ ಕೊಟ್ಟು ಕೆಲಸ ಉಳಿಸಿಕೊಳ್ಳಿ ಎಂದು ಊರಿನಿಂದ ಹೆಂಡತಿ ಉಮಾವತಿ ಫೋನಿನಲ್ಲಿ ಹೇಳಿದರಂತೆ. ಒಂದು ಗಂಟೆ ಬಿಟ್ಟು ಅವರೇ ಮತ್ತೆ ಫೋನ್ ಮಾಡಿ, ಕೊಡಬೇಡಿ ಎಂದರಂತೆ. ಅದನ್ನು ಹೇಳುವಾಗ ಈ ಬಿಗಿ ಮುಖದ ಮನುಷ್ಯ ನಗುತ್ತಾರೆ.

ಬುಧವಾರ ಅವರು ಒಂದು ಕಾಗದ ಬರೆದು ವಿನಯ್ ಮೇಜಿನ ಮೇಲಿಟ್ಟರು, ಅರ್ಥವಾಗಲಿಲ್ಲ ಎನ್ನುವ ಹಾಗಿಲ್ಲದಂತೆ ಕನ್ನಡದಲ್ಲೇ. ‘ಚಾರ್ಜಿಂಗ್ ಕೋಣೆಯ ಕೀ ಪಡೆದಿದ್ದೇನೆ. ಇನ್ನು ಯಾರ ಮಂಚದ ಮೇಲೆ ಸೆಲ್ಲು ಸಿಡಿದರೂ ಜವಾಬ್ದಾರಿ ನನ್ನದು.’ ಕೆಳಗೆ ಕೀ ಪಡೆಯುವವರ ಹೆಸರಿಗೂ ಸಹಿಗೂ ಜಾಗ ಖಾಲಿ. ವಿನಯ್ ಎರಡು ಸಲ ಓದಿ, ಪೆನ್ನು ತೆಗೆದು, ಮತ್ತೆ ಮುಚ್ಚಿ, ಕಾಗದವನ್ನು ಡ್ರಾಯರಿಗೆ ಹಾಕಿಕೊಂಡರು. ಗುರುವಾರ ಕಳೆಯಿತು. ಇವತ್ತು ಭಾನುವಾರ, ಸಹಿ ಬಂದಿಲ್ಲ, ಕೀ ಕೇಳಲೂ ಯಾರೂ ಬಂದಿಲ್ಲ. ವೀಸಾ ಮುಗಿಯಲು ಇಪ್ಪತ್ತಾರು ದಿನವಿದೆ.

ಹೆದರಿಕೆ ಇಲ್ಲವೇ ಎಂದರೆ, ಉಂಟು ಎಂದು ಒಪ್ಪಿಕೊಳ್ಳುತ್ತಾರೆ. ಕೈ ಮಾತ್ರ ಮುಂದಿನ ಸೆಲ್ಲನ್ನು ಬೆಳಕಿಗೆ ಹಿಡಿಯುತ್ತದೆ.

“ರೊನಾಲ್ಡ್ ಆದ ಮೇಲೆ ಎರಡು ವರ್ಷ ಇಲ್ಲಿ ಒಬ್ಬನ ಚರ್ಮ ಸುಡಲಿಲ್ಲ. ಅವರು ನನ್ನ ವೀಸಾ ಕ್ಯಾನ್ಸಲ್ ಮಾಡ್ಲಿ. ಇದನ್ನು ಕ್ಯಾನ್ಸಲ್ ಮಾಡ್ಲಿಕ್ಕೆ ಯಾರಿಂದಲೂ ಆಗುದಿಲ್ಲ.”