ಗೋಡೆಗಳ ಮೇಲಿನ ಹಸಿರು ಟೊಂಗೆ

ಮೊದಲು ನೋಡಿದ್ದು ಸಾಗರದಲ್ಲಿ, ನಮ್ಮ ಬೀದಿಗೆ ತಿರುಗುವ ಮುಂಚೆ ಸಿಗುವ ಕಾಂಪೌಂಡಿನ ಮೇಲೆ. ದಪ್ಪ ಬ್ರಷ್ಷಿನಲ್ಲಿ ಎಳೆದ ಹಸಿರು ಟೊಂಗೆ, ಎರಡೂ ಬದಿಗೆ ಎಲೆ. ಹೆಸರಿಲ್ಲ, ಘೋಷಣೆ ಇಲ್ಲ. ಯಾವುದೋ ನರ್ಸರಿಯ ಜಾಹೀರಾತು ಎಂದುಕೊಂಡೆ. ಆಮೇಲೆ ಅದು ಹೊಸನಗರದ ಒಂದು ಹಾಳುಗೋಡೆಯ ಮೇಲೆ ಕಂಡಿತು, ಕೋಣಂದೂರಿನಲ್ಲಿ ಕಂಡಿತು, ತೀರ್ಥಹಳ್ಳಿಯಲ್ಲೂ ಕಂಡಿತು. ನಾನು ಹೊಸನಗರ, ತೀರ್ಥಹಳ್ಳಿ ಎರಡೂ ಕಡೆಯ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿ. ವಾರವಿಡೀ ಬಸ್ಸಿನಲ್ಲೇ ಇರುವವಳಿಗೆ ಗೋಡೆಗಳು ಚೆನ್ನಾಗಿ ಪರಿಚಯ.

ಅದರ ಅರ್ಥ ನನಗೆ ಬೇಗ ಹೊಳೆಯಿತು. ನಮ್ಮ ಕಡೆ ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತರೆ ಹಿಂದೆ ಸೊಪ್ಪು ಮುರಿದು ಹಾಕುತ್ತಾರೆ. ಇದು ಅದೇ ಸೊಪ್ಪು. ಅಪಘಾತ ಆದ ಜಾಗಗಳಲ್ಲೆಲ್ಲ ಯಾರೋ ಗುರುತು ಮಾಡುತ್ತಿದ್ದಾರೆ ಎಂದು ತೀರ್ಮಾನಿಸಿದೆ.

ಹಾಗೆ ತೀರ್ಮಾನಿಸಲು ನನಗೆ ಕಾರಣವಿತ್ತು. ಕಳೆದ ವರ್ಷ ಹೊಸನಗರದ ದಾರಿಯ ಒಂದು ತಿರುವಿನಾಚೆ ಮರಳಿನ ಲಾರಿ ಕೆಟ್ಟು ನಿಂತಿತ್ತು. ನಾನು ಮುಂದಿನ ಸೀಟಿನಲ್ಲಿದ್ದೆ. ಬಸ್ಸು ಅಡ್ಡ ಹೊರಳಿ, ಮುಂದಿನ ಚಕ್ರ ಕಂದಕದ ಮೇಲೆ ಗಾಳಿಯಲ್ಲಿ ಸುತ್ತುತ್ತಿತ್ತು. ಯಾರೂ ಸಾಯಲಿಲ್ಲ. ಚಾಲಕನ ಕೈ ಮುರಿಯಿತು. ನನಗೆ ಒಂದು ಗೀರೂ ಆಗಲಿಲ್ಲ, ಆದರೆ ಇವತ್ತಿಗೂ ಪಾಠದ ನಡುವೆ ಆ ಬ್ರೇಕಿನ ಸದ್ದು ಕೇಳುತ್ತದೆ. ಬೋರ್ಡಿನ ಮೇಲೆ ಅರ್ಧ ಬರೆದ ವಾಕ್ಯ ಹಾಗೇ ಉಳಿಯುತ್ತದೆ.

ಆಮೇಲೆ ನಾನು ಹಿಂದಿನ ಸೀಟಿಗೆ ಹೋದೆ. ತಿರುವಿಗೆ ಮೊದಲಿನ ಇಳಿಜಾರು ಬಂದೊಡನೆ ಕಣ್ಣು ಮುಚ್ಚುತ್ತಿದ್ದೆ, ಬಸ್ಸು ನೆಟ್ಟಗಾದ ಮೇಲೆ ಬಿಡುತ್ತಿದ್ದೆ. ಸಂಜೆ ವಾಪಸು ಬರುವಾಗ ಹೇಗೂ ಕತ್ತಲಾಗಿರುತ್ತಿತ್ತು. ಇದು ತಂಗಿಗೆ ಗೊತ್ತಾಯಿತು. "ಕಣ್ ಮುಚ್ಕೊಂಡೇ ಪಾಠನೂ ಮಾಡ್ತೀಯಾ ಅಕ್ಕ? ಬಿಟ್ಬಿಡು ಆ ಕೆಲ್ಸ" ಎಂದಳು. ತಮಾಷೆಗೆ ಹೇಳಿದ್ದಲ್ಲ. ಬಸ್ಸು ಹತ್ತಲಾಗದಿದ್ದರೆ ಕೆಲಸ ಇಲ್ಲ ಎಂಬುದು ನನಗೂ ತಿಳಿದಿತ್ತು.

ಈ ನಡುವೆ ಟೊಂಗೆಗಳು ಹೆಚ್ಚಾದವು. ನಮ್ಮ ಬಸ್ಸಿಗೆ ಅಪಘಾತವಾದ ತಿರುವಿನಲ್ಲಿ ಮಾತ್ರ ಇರಲಿಲ್ಲ. ಕಣ್ಣು ಬಿಟ್ಟೊಡನೆ ಹಿಂತಿರುಗಿ, ಲಾರಿ ನಿಂತಿದ್ದ ಕಡೆ ನೋಡುತ್ತಿದ್ದೆ. ರಸ್ತೆ ಬದಿಯ ಧರೆಯ ಕಲ್ಲುಗಳು ಬೋಳಾಗಿದ್ದವು. ಎಲ್ಲರ ಅಪಘಾತಕ್ಕೂ ಗುರುತಿದೆ, ನಮ್ಮದಕ್ಕಿಲ್ಲ ಎಂದು ಸಿಟ್ಟು ಬರುತ್ತಿತ್ತು.

ಕೊನೆಗೆ ಕಂಡಕ್ಟರನ್ನು ಕೇಳಿದೆ. ಅವತ್ತು ನನ್ನನ್ನು ಕಿಟಕಿಯಿಂದ ಎಳೆದು ಇಳಿಸಿದವನೂ ಇವನೇ. ಟೊಂಗೆ ಬರೆಯುವವರು ಯಾರೋ ಅವನಿಗೂ ತಿಳಿಯದು. ಆದರೆ ನನ್ನ ದೂರು ಕೇಳಿ ಬೆರಗಾದ.

"ಎಂತ ಮೇಡಂ, ದಿನಾ ಅದ್ರ ಪಕ್ಕದಲ್ಲೇ ಹೋಗ್ತೀರಲ್ಲ. ಇಳಿಜಾರಲ್ಲಿ, ಮೋರಿ ಕಟ್ಟೆ ಮೇಲಿದೆ."

ಅಪಘಾತ ಆಗಿದ್ದು ಅಲ್ಲಿ ಅಲ್ಲವಲ್ಲ ಎಂದೆ.

"ಆದಲ್ಲಿ ಬರ್ದು ಎಂತ ಮಾಡೋದು ಮಾರಾಯ್ರೆ? ಅವತ್ತೂ ಸೊಪ್ಪು ಹಾಕಿದ್ರು ಲಾರಿಯೋರು. ಲಾರಿ ಬುಡಕ್ಕೇ ಹಾಕಿದ್ರು. ಸೊಪ್ಪು ಕಾಣೋದ್ರೊಳಗೆ ಲಾರೀನೇ ಕಂಡಾಗಿತ್ತು. ತಿರುವಿನ ಈ ಕಡೆ ಹಾಕ್ಬೇಕಿತ್ತು."

ನಾನು ಗೋಡೆಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಪ್ರತಿಯೊಂದರ ಮುಂದೆಯೂ ಎದುರು ಕಾಣದ ಒಂದು ತಿರುವಿತ್ತು. ಅವು ಆಗಿಹೋದದ್ದರ ಗುರುತುಗಳಲ್ಲ. ನಮ್ಮ ಬೀದಿಯ ತಿರುವಿನಲ್ಲಂತೂ ಯಾವತ್ತೂ ಏನೂ ಆಗಿರಲಿಲ್ಲ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಮರುದಿನ ಮುಂದಿನ ಸೀಟಿನಲ್ಲಿ ಕುಳಿತೆ. ಇಳಿಜಾರು ಬಂತು. ಕಂಬಿ ಬಿಗಿಯಾಗಿ ಹಿಡಿದೆ, ಕಣ್ಣು ಮುಚ್ಚಲಿಲ್ಲ. ಮೋರಿ ಕಟ್ಟೆಯ ಉದ್ದಕ್ಕೂ ಟೊಂಗೆ ಇತ್ತು, ನಾನು ಕಂಡವುಗಳಲ್ಲೆಲ್ಲ ದೊಡ್ಡದು. ಬಿಸಿಲಿಗೆ ಮಾಸಿ, ಎಲೆಗಳ ಅಂಚಿಗೆ ಪಾಚಿ ಹಿಡಿದಿತ್ತು. ಉಳಿದೆಲ್ಲವಕ್ಕಿಂತ ಮೊದಲು ಬರೆದದ್ದು ಇದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಡ್ರೈವರ್ ಗೇರು ಇಳಿಸಿದ, ಹಾರ್ನ್ ಹೊಡೆದ. ಬಸ್ಸು ನಿಧಾನವಾಗಿ ತಿರುಗಿತು. ಎದುರಿಗೆ ರಸ್ತೆ ಖಾಲಿಯಾಗಿ ತೆರೆದುಕೊಂಡಿತು. ವರ್ಷದಿಂದ ದಿನವೂ ಅದು ಹಾಗೆಯೇ ಇದ್ದಿರಬೇಕು. ನಾನು ನೋಡಿದ್ದು ಅವತ್ತು.