ದೊಡ್ಡ ಎಂಜಿನ್ನು ತಿರುಗುವ ಜಾಗ

ನಮ್ಮ ಮನೆಯ ಹಿಂದೆ ಒಂದು ಸಿಮೆಂಟಿನ ಕಣವಿದೆ. ಎಣ್ಣೆ ಮಿಲ್ಲು ನಡೆಯುತ್ತಿದ್ದ ಕಾಲದಲ್ಲಿ ಶೇಂಗಾ ಒಣಗಿಸಲು ಅಪ್ಪ ಹಾಕಿಸಿದ್ದು. ಚಳ್ಳಕೆರೆಯಲ್ಲಿ ಎಷ್ಟೋ ಮಿಲ್ಲುಗಳು ನಿಂತವು, ಕೊನೆಗೆ ನಮ್ಮದೂ ನಿಂತಿತು. ಯಂತ್ರಗಳು ಗುಜರಿಗೆ ಹೋದವು, ಕಣ ಉಳಿಯಿತು. ಅದನ್ನು ನಾನು ಬಾಯಿ ತುಂಬ ‘ಖಾಲಿ ಜಾಗ’ ಎನ್ನುತ್ತಿದ್ದೆ.

ಖಾಲಿ ಎಲ್ಲಿಯದು! ಶಿವರಾತ್ರಿ ಕಳೆದು ಬಿಸಿಲು ಬಲಿತಿತೋ ಇಲ್ಲವೋ, ಆ ಕಣ ನನ್ನ ಹೆಂಡತಿಯದಾಗುತ್ತಿತ್ತು. ನಮ್ಮ ಬೀದಿಯ ಹೆಂಗಸರೆಲ್ಲ ಬೆಳಕು ಹರಿಯುವ ಮುಂಚೆ ಸಂಡಿಗೆ ಹಿಟ್ಟು ಬೇಯಿಸಿಕೊಂಡು, ಬಿಸಿ ಪಾತ್ರೆ ಸೊಂಟಕ್ಕಿಟ್ಟುಕೊಂಡು ನಮ್ಮ ಹಿತ್ತಿಲಿಗೇ ಬರುತ್ತಿದ್ದರು. ಒದ್ದೆ ಮಾಡಿದ ಹಳೇ ಸೀರೆಗಳನ್ನು ಹಾಸಿ, ಚಕ್ಕುಲಿ ಒರಳು ಒತ್ತಿ, ಹೊತ್ತೇರುವಷ್ಟರಲ್ಲಿ ಕಣದ ತುಂಬ ಬೆಳ್ಳಗೆ ಸಂಡಿಗೆ. ಯಾರ ಪಾತ್ರೆಯೇ ಇರಲಿ, ಮೊದಲು ನನ್ನ ಹೆಂಡತಿ ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡು ಉಪ್ಪು, ಖಾರ, ಹದ ಹೇಳಬೇಕು. ಅವಳು ‘ಹೂಂ’ ಅಂದ ಮೇಲೇ ಒರಳಿಗೆ. ಸೊಸೆಯರ ದೂರು, ಅತ್ತೆಯರ ದೂರು, ಯಾರದೋ ಮನೆಯ ಗುಟ್ಟು, ಎಲ್ಲ ಆ ಕಣದಲ್ಲೇ ಒಣಗುತ್ತಿದ್ದವು. ನಗುವೋ ನಗು. ಅದರಲ್ಲಿ ಎಲ್ಲಕ್ಕಿಂತ ಜೋರು ನಮ್ಮವಳದು. ಒಳಗೆ ಪೇಪರ್ ಓದುತ್ತಾ ನಾನು ಗೊಣಗುತ್ತಿದ್ದೆ. ವರ್ಷದ ಉಳಿದ ದಿನ ಅವಳು ಹಾಗೆ ನಗುವುದನ್ನು ನಾನು ಕೇಳಿಲ್ಲ ಎಂಬುದು ಆಗ ಹೊಳೆಯಲೇ ಇಲ್ಲ.

ನನಗೆ ರೈಲಿನ ಹುಚ್ಚು ಚಿಕ್ಕಂದಿನದು. ಆಗ ನಮ್ಮೂರಿನ ಮೇಲೆ ಕಿರಿದಾದ ಹಳಿಯ ರೈಲು ಓಡುತ್ತಿತ್ತು, ಕರೀ ಉಗಿ ಎಂಜಿನ್ನು. ಸ್ಟೇಷನ್ನಿಗೆ ಹೋಗಿ ಅದು ಬುಸ್ ಎನ್ನುವುದನ್ನು ನೋಡಿಕೊಂಡು ನಿಂತರೆ ಶಾಲೆಯ ಗಂಟೆ ಕೇಳುತ್ತಿರಲಿಲ್ಲ. ಆಮೇಲೆ ಉಗಿ ಹೋಯಿತು, ಹಳಿ ಅಗಲವಾಯಿತು, ನನ್ನ ಹೊಟ್ಟೆಯೂ ಅಗಲವಾಯಿತು. ಮಿಲ್ಲು ನಿಂತ ಮೇಲೆ ಕೈಗೆ ಕೆಲಸವಿಲ್ಲ, ಫೋನು ಕೈಬಿಡಲಿಲ್ಲ. ಅದರಲ್ಲಿ ಒಂದು ದಿನ ಕಂಡೆ: ನನ್ನ ವಯಸ್ಸಿನವರೇ ತಮ್ಮ ಹೂದೋಟದಲ್ಲಿ ಮಾದರಿ ರೈಲು ಓಡಿಸುತ್ತಿದ್ದಾರೆ. ಆಟದ ಸಾಮಾನಲ್ಲ. ನಿಜವಾದ ಬೆಂಕಿ, ನಿಜವಾದ ನೀರು, ನಿಜವಾದ ಉಗಿ, ಸೀಟಿಯೂ ನಿಜವಾದದ್ದೇ. ಅವತ್ತಿನಿಂದ ಊಟ ರುಚಿಸಲಿಲ್ಲ.

ನೋಡಿ ನೋಡಿ ಕೊನೆಗೆ ಎರಡು ಎಂಜಿನ್ನುಗಳಿಗೆ ಬಂದು ನಿಂತೆ. ಒಂದು, ಮೊಳಕ್ಕಿಂತ ಚಿಕ್ಕದು, ಕರೀದು, ಡುಮ್ಮಣ್ಣ, ನೀರಿನ ತೊಟ್ಟಿ ಮೈಮೇಲೇ ಹೊತ್ತದ್ದು. ನಮ್ಮೂರ ಹಳೇ ರೈಲಿನ ತಮ್ಮನ ಹಾಗಿತ್ತು. ಇನ್ನೊಂದು ಹಸಿರು ಬಣ್ಣದ ಎಕ್ಸ್‌ಪ್ರೆಸ್ ಎಂಜಿನ್ನು. ಹಿಂದೆ ಕಲ್ಲಿದ್ದಲ ಡಬ್ಬಿ ಸೇರಿಸಿದರೆ ಎರಡು ಮೊಳಕ್ಕೆ ಹತ್ತಿರ. ದೊಡ್ಡ ದೊಡ್ಡ ಗಾಲಿ, ಹಿತ್ತಾಳೆ ಪಟ್ಟಿ. ವರ್ಷದ ಮಗುವಿನಷ್ಟು ತೂಕ.

ಹೆಂಡತಿಯನ್ನು ಕೇಳದೆ ನಾನು ಏನೂ ತರುವುದಿಲ್ಲ. ಕೇಳಿಯೇ ತರುತ್ತೇನೆ, ಅವಳು ಹೇಳಿದ್ದನ್ನು ತರುವುದಿಲ್ಲ, ಅಷ್ಟೆ. ಅವತ್ತು ಅಡುಗೆಮನೆಗೆ ಹೋಗಿ ಎರಡೂ ಫೋಟೋ ತೋರಿಸಿ, ಯಾವುದು ಚೆಂದ ಎಂದು ಕೇಳಿದೆ. ಸೆರಗಿಗೆ ಕೈ ಒರೆಸಿಕೊಂಡು ಫೋನನ್ನು ದೂರ ಹಿಡಿದು ನೋಡಿದಳು.

“ಇವು ಎಷ್ಟು ಜಾಗದಾಗೆ ತಿರುಗ್ತಾವ್ರಿ?” ಅಂದಳು.

ನನಗೆ ಖುಷಿಯೋ ಖುಷಿ. ಕೇಳುವವರು ಸಿಕ್ಕರಲ್ಲ! ಚಿಕ್ಕದಕ್ಕೆ ಗಿಡ್ಡ ಮೈ, ಮೂಲೆಯಲ್ಲಿರುವ ಸೀಬೆ ಗಿಡ ಸುತ್ತಿಕೊಂಡು ಬಂದುಬಿಡುತ್ತದೆ. ದೊಡ್ಡದಕ್ಕೆ ಉದ್ದ ಮೈ, ಇಕ್ಕಟ್ಟಿನ ತಿರುವಿನಲ್ಲಿ ಹಳಿ ಬಿಟ್ಟು ಬೀಳುತ್ತದೆ, ಅದಕ್ಕೆ ವಿಶಾಲವಾಗಿ ಬಳಸಿಕೊಂಡು ಹೋಗಲು ಜಾಗ ಬೇಕು ಎಂದು ಕೈಯಾಡಿಸಿ ವಿವರಿಸಿದೆ.

“ಹಂಗಾದ್ರೆ ಈ ಕರೇದು ತಗಳ್ರಿ. ಚಿಕ್ಕದು, ಸಾಕು.”

ನನ್ನ ಎದೆ ಕರಗಿತು. ಅವಳ ತವರು ಮೊಳಕಾಲ್ಮೂರು ತಾಲ್ಲೂಕು, ದೇವಸಮುದ್ರದ ಹತ್ತಿರ. ಮದುವೆಯಾಗಿ ಚಳ್ಳಕೆರೆಗೆ ಬಂದದ್ದು ಅಂಥದೇ ಕರೀ ಎಂಜಿನ್ನಿನ ರೈಲಿನಲ್ಲಿ, ನನ್ನ ಪಕ್ಕ ಕೂತು. ಅದಕ್ಕೇ ಇವಳಿಗೆ ಅದರ ಮೇಲೆ ಆಸೆ ಅಂದುಕೊಂಡೆ. ಆಮೇಲೆ ಸಿಕ್ಕವರಿಗೆಲ್ಲ ಈ ಕತೆ ಹೇಳಿದೆ, ‘ನಮ್ಮವಳು ಇನ್ನೂ ಮದುವೆಯ ರೈಲು ಮರೆತಿಲ್ಲ’ ಎಂದು.

ಹೇಳಿದವರಲ್ಲಿ ನನ್ನ ಗೆಳೆಯನೂ ಒಬ್ಬ. ಈರುಳ್ಳಿ ವ್ಯಾಪಾರಿ, ಪರಶುರಾಂಪುರದ ಕಡೆಯವನು. ಫೋಟೋ ನೋಡಿ ಮೂಗು ಮುರಿದ.

“ಲೇ, ತಗಂಡ್ರೆ ದೊಡ್ಡದೇ ತಗಳ್ಲೇ. ಈ ಗಿಡ್ಡದನ್ನ ತಂದು ಯಾರಿಗೆ ತೋರಿಸ್ತೀಯ? ಅಷ್ಟು ಜಾಗ ಬಿದ್ದೈತೆ ಹಿಂದೆ!”

ನನಗೆ ಬೇಕಾಗಿದ್ದದ್ದೂ ಅದೇ ಮಾತು. ತಾನೂ ಕುಣಿಯಬೇಕೆಂದಿದ್ದವನಿಗೆ ಡೋಲು ಕೇಳಿಸಿದ ಹಾಗಾಯಿತು. ದೊಡ್ಡದನ್ನೇ ತರಿಸುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಅವಳು ಬೇಳೆ ಆರಿಸುತ್ತಿದ್ದಳು. ತಲೆಯೆತ್ತದೆ “ಸರ್ಲೆಂಡಿ” ಅಂದಳು.

ಅವಳ ಊರಿನ ಕಡೆ ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಬರುತ್ತವೆ. ನಿಜವಾಗಿ ಒಪ್ಪಿಗೆಯಾದರೆ “ಆಯ್ತು ಬಿಡ್ರಿ” ಅನ್ನುತ್ತಾಳೆ. ಒಪ್ಪಿಗೆಯಿಲ್ಲ, ಆದರೆ ನಿಮ್ಮ ಹತ್ತಿರ ಮಾತಾಡಿ ಫಲವಿಲ್ಲ ಎನ್ನುವಾಗ ಮಾತ್ರ ಈ ತೆಲುಗು. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಅದು ಗೊತ್ತಿಲ್ಲವೇ? ಗೊತ್ತಿತ್ತು. ಎಂಜಿನ್ನಿನ ಆಸೆಯಲ್ಲಿ ಗೊತ್ತಿಲ್ಲದವನ ಹಾಗೆ ಎದ್ದು ಹೋದೆ.

ಮಳೆಗಾಲ ಮುಗಿದ ಮೇಲೆ ಕೆಲಸ ಹಿಡಿಸಿದೆ. ದೊಡ್ಡ ಎಂಜಿನ್ನಿನ ತಿರುವಿಗೆ ಕಣದ ಈ ಗೋಡೆಯಿಂದ ಆ ಗೋಡೆಯವರೆಗೂ ಬೇಕಾಯಿತು. ಸಿಮೆಂಟಿನ ಮೇಲೆ ಇಟ್ಟಿಗೆ ಕಟ್ಟೆ ಕಟ್ಟಿಸಿ, ಮೇಲೆ ಹಳಿ ಕೂರಿಸಿದೆ. ಬರೀ ಹಳಿ ಇದ್ದರೆ ತೋಟದ ರೈಲು ಹೇಗಾದೀತು? ನಡುವೆ ಕೆಮ್ಮಣ್ಣು ಸುರಿಸಿ ಗರಿಕೆ, ಕಳ್ಳಿ ನೆಡಿಸಿದೆ. ಮೊಳಕಾಲ್ಮೂರಿನ ಕಡೆಯಿಂದ ಉರುಟು ಕಲ್ಲು ತರಿಸಿ, ಒಂದರ ಮೇಲೊಂದು ಪೇರಿಸಿ, ಜಟಿಂಗ ರಾಮೇಶ್ವರನ ಬೆಟ್ಟದ ಹಾಗೆ ಒಂದು ಗುಡ್ಡ ಮಾಡಿಸಿದೆ. “ನೋಡು, ನಿನ್ನ ತವರಿನ ಬೆಟ್ಟ” ಎಂದು ಹೆಂಡತಿಯನ್ನು ಕರೆದು ತೋರಿಸಿದೆ. “ಚೆನ್ನಾಗೈತೆ” ಅಂದಳು. ಅವಳ ಕಣ್ಣು ಬೆಟ್ಟದ ಮೇಲಿರಲಿಲ್ಲ, ಕೆಳಗೆ ಉಳಿದಿದ್ದ ಸಿಮೆಂಟಿನ ಮೇಲಿತ್ತು. ಒಂದು ಸೀರೆ ಹಾಸುವಷ್ಟೂ ಇರಲಿಲ್ಲ.

ಎಂಜಿನ್ನು ಬಂತು. ಗಾಡಿ ಎಂದ ಮೇಲೆ ಪೂಜೆ ಆಗಬೇಕಲ್ಲ. ವಿಭೂತಿ ಹಚ್ಚಿ, ಹೂವಿಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರೆ ಅದು ಗಾಲಿಯಷ್ಟೇ ದೊಡ್ಡದಾಗಿ ಕಾಣಿಸಿ ಎಲ್ಲರೂ ನಕ್ಕರು. ಬೋರಿನ ನೀರು ಹಾಕಿದರೆ ಬಾಯ್ಲರು ಸುಣ್ಣ ಕಟ್ಟುತ್ತದೆಂದು ಬ್ಯಾಟರಿ ಅಂಗಡಿಯಿಂದ ಬಟ್ಟಿ ಇಳಿಸಿದ ನೀರು ತಂದಿದ್ದೆ. ಬೀದಿಯ ಹೆಂಗಸರನ್ನೆಲ್ಲ ಕರೆದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟೆ. ಎಂಜಿನ್ನು ಉಗಿ ಬಿಡುತ್ತಾ ಬೆಟ್ಟವನ್ನು ಬಳಸಿ ಬಂದಾಗ, ಸುಳ್ಳು ಯಾಕೆ ಹೇಳಲಿ, ನನಗೆ ಅಳು ಬಂತು. ಅಷ್ಟು ಚೆಂದವಿತ್ತು ಅದು. ಈಗಲೂ ಚೆಂದವೇ.

ಹೊರಡುವಾಗ ಎದುರುಮನೆಯ ಅಜ್ಜಿ ಹಳಿಯ ಆಚೆ ಕಾಲೆತ್ತಿಡಲು ಹೋಗಿ, ಸೊಂಟ ಹಿಡಿದುಕೊಂಡು ನಿಂತಳು. “ಚಂದ ಐತೆ ಕಣಪ್ಪ. ಇನ್ಮೇಲೆ ಇಲ್ಲಿ ನಮ್ಮಂಥವ್ರು ಕಾಲಿಡಂಗಿಲ್ಲ ಅನ್ನು.”

“ಯಾಕಜ್ಜೀ, ನೋಡ್ಕಂಡು ನಡೆದ್ರಾಯ್ತು” ಎಂದು ನಾನು ನಕ್ಕೆ. ನನ್ನ ಹೆಂಡತಿ ಅಜ್ಜಿಯ ಕೈಹಿಡಿದು ದಾಟಿಸಿದಳು.

ಶಿವರಾತ್ರಿ ಬಂತು, ಹೋಯಿತು. ಬಿಸಿಲು ಬಲಿಯಿತು. ಬೆಳಿಗ್ಗೆ ಪೇಪರ್ ಹಿಡಿದು ಕೂತರೆ ಹಿತ್ತಿಲಲ್ಲಿ ಸದ್ದೇ ಇಲ್ಲ. ಮೊದಮೊದಲು ನೆಮ್ಮದಿಯೇ ಆಯಿತು. ಮೂರನೆಯ ದಿನವೋ ನಾಲ್ಕನೆಯ ದಿನವೋ ಪೇಪರ್ ಕೆಳಗಿಟ್ಟೆ. ಯಾರೂ ಬರುತ್ತಿಲ್ಲವಲ್ಲ! ಜಗಳವಿಲ್ಲ, ಮುನಿಸಿಲ್ಲ, ನನ್ನ ರೈಲಿಗೆ ತೊಂದರೆಯಾಗಬಾರದೆಂದು ಮರ್ಯಾದೆಯಿಂದ ಬೇರೆ ಜಾಗ ನೋಡಿಕೊಂಡಿದ್ದರು. ಹಿಂದಿನ ಬೀದಿಯಲ್ಲೊಂದು ಹೊಸ ಮನೆಯಾಗಿತ್ತು, ಅದರ ತಾರಸಿ.

ಮರುದಿನ ಬೆಳಿಗ್ಗೆ ನಮ್ಮವಳು ಹಿಟ್ಟಿನ ಪಾತ್ರೆ ಎತ್ತಿಕೊಂಡು ಅಲ್ಲಿಗೇ ಹೊರಟಾಗ ನಾನು ಅಡ್ಡ ನಿಂತೆ. ಹಳಿ ಕೀಳಿಸಿಬಿಡುತ್ತೇನೆ, ಮಣ್ಣು ತೆಗೆಸುತ್ತೇನೆ, ಎಲ್ಲರನ್ನೂ ಇಲ್ಲಿಗೇ ಕರೆ ಅಂದೆ.

“ಬ್ಯಾಡ ಬಿಡ್ರಿ. ಅವ್ರಿಗೀಗ ಅಲ್ಲೇ ರೂಢಿ ಆಗೈತೆ. ಆ ಮನೆಯಾಕೀನೂ ಹದ ಚೆನ್ನಾಗಿ ನೋಡ್ತಾಳೆ.”

ಕೊನೆಯ ಮಾತು ನನಗೆ ಚುರುಕ್ಕೆಂದಿತು. ಬೇರೇನು ಮಾಡಲೂ ತೋಚದೆ ಅವಳ ಕೈಯಿಂದ ಪಾತ್ರೆ ಇಸಿದುಕೊಂಡು, ಟವೆಲ್ ಸುತ್ತಿ ಹಿಡಿದು ಜೊತೆಗೆ ನಡೆದೆ. ಬೀದಿಯಲ್ಲಿ ಹೋಗುತ್ತಾ ಅಂದೆ, “ಆ ಕರೇ ಎಂಜಿನ್ನೇ ತರಬೇಕಾಗಿತ್ತು. ಮದುವೆಯ ರೈಲಿನ ನೆನಪಿಗೆ ನೀನು ಅಷ್ಟು ಆಸೆಪಟ್ಟಿದ್ದೆ.”

ಅವಳು ನಿಂತು ನನ್ನ ಮುಖ ನೋಡಿದಳು.

“ಯಾವ ನೆನಪು? ಅವತ್ತು ದಾರಿಯುದ್ದಕ್ಕೂ ವಾಂತಿ ಮಾಡ್ಕಂಡು ಬಂದಿದ್ದೀನಿ. ಅದ್ನ ಯಾರು ನೆನಸ್ಕಂತಾರೆ? ಸೀಬೆ ಗಿಡದ ಸುತ್ತ ತಿರುಗ್ತೈತೆ ಅಂದ್ರಲ್ಲ, ಕಣ ಉಳೀತೈತೆ ಅಂತ ಅದನ್ನ ತೋರಿಸ್ದೆ.”

“ಹಂಗಂತ ಬಾಯಿ ಬಿಟ್ಟು ಹೇಳ್ಬಾರ್ದಾಗಿತ್ತಾ?”

“ಕೇಳಿದ್ರಿ, ಹೇಳಿದ್ನಲ್ಲ” ಅಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಮತ್ತೆ ನಡೆದಳು.

ನಾನು ತಾರಸಿ ಹತ್ತಿದಾಗ ಹೆಂಗಸರೆಲ್ಲ ಮಾತು ನಿಲ್ಲಿಸಿ ಸೆರಗು ಸರಿಮಾಡಿಕೊಂಡರು. ಪಾತ್ರೆ ಇಳಿಸಿದೆ. ಆ ಮನೆಯಾಕೆ ಬಂದು, ನಮ್ಮವಳ ಹಿಟ್ಟಿಗೆ ಬೆರಳಿಟ್ಟು ನಾಲಿಗೆಗೆ ಹಚ್ಚಿಕೊಂಡಳು. ನಮ್ಮವಳು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು, ಆಕೆ ಏನು ಹೇಳುತ್ತಾಳೋ ಎಂದು ಕಾಯುತ್ತಾ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ಮೇಲೆ ನಗು ಮತ್ತೆ ಶುರುವಾಯಿತು. ಚಪ್ಪಲಿ ಮೆಟ್ಟುವ ನೆಪದಲ್ಲಿ ಗೋಡೆ ಹಿಡಿದು ನಿಂತು ಬಹಳ ಹೊತ್ತು ಕೇಳಿದೆ. ಅದರಲ್ಲಿ ಅವಳ ನಗು ಇರಲಿಲ್ಲ.